ಬಿಳಿ ಅಂಗಿಯ ಬಿಡಿದಾರ

"ಆ ಬಿಳಿ ಅಂಗಿಯವರು ನಿಮಗೇನಾಗ್ಬೇಕು?" ಚಹಾದಂಗಡಿಯ ಹೆಂಗಸು ಕೇಳಿದಳು. ಲೋಟ ಚಾಚಿದ ಅವಳ ಕೈ ಗಾಳಿಯಲ್ಲೇ ನಿಂತಿತ್ತು.

"ನಮ್ಮಣ್ಣ. ಯಾಕಮ್ಮ, ನೋಡಿ ಹೆದರೋ ಅಷ್ಟು ಕೆಟ್ಟದಾಗಿದ್ದಾನಾ?" ಎಂದು ದರ್ಜಿ ನಕ್ಕ.

ಅವಳು ನಗಲಿಲ್ಲ. ದೂರದಲ್ಲಿ ನಿಂತ ಕಾರಿನತ್ತ ಒಮ್ಮೆ ನೋಡಿ ದನಿ ತಗ್ಗಿಸಿದಳು. "ಅದು ಮುಂದಿನ ತಿರುವಲ್ಲಿ ಕಂಬಕ್ಕೆ ನೇತುಹಾಕಿದ್ದ ಅಂಗಿ. ಯಾರೋ ಮಾಟ ಮಾಡಿಸಿ ಬಿಟ್ಟುಹೋಗಿದ್ದು. ತೊಟ್ಟವರ ಕೈ ಸಾಯುತ್ತೆ. ತೋಳಲ್ಲಿ ಒಂದು ಕರಿದಾರ ಇದೆ, ಕತ್ತರಿಗೆ ಬಗ್ಗಲ್ಲ. ಸ್ವಂತ ರಕ್ತದವರು ತಾವಾಗೇ ಹಲ್ಲಲ್ಲಿ ಕಚ್ಚಿದ್ರೆ ತೊಟ್ಟವರನ್ನ ಬಿಡುತ್ತೆ, ಕಚ್ಚಿದವರನ್ನ ಇನ್ನೂ ಬಲವಾಗಿ ಹಿಡ್ಕೊಳ್ಳುತ್ತೆ. ಕಡಲು ಕಣ್ಣಿಗೆ ಕಾಣ್ತಿರುವಾಗ ಮಾತ್ರ ಹಾಗೆ ದಾಟುತ್ತೆ. ದಮ್ಮಯ್ಯ, ಹಲ್ಲು ಹಚ್ಚಬೇಡಿ."

"ದಾರ ಯಾರನ್ನ ಹಿಡಿದಿದೆಯೋ ಅವನೇ ಕಚ್ಚಿಕೊಂಡ್ರೆ?" ದರ್ಜಿ ಕಣ್ಣು ಮಿಟುಕಿಸಿದ.

"ಅಲ್ಲಿಗೆ ಮುಗೀತು. ಇನ್ಯಾರಿಗೂ ದಾಟಲ್ಲ. ಅವನ ಕೈನೂ ತಿರುಗಿ ಬರಲ್ಲ."

"ನಾನು ದರ್ಜಿ ಕಣಮ್ಮ. ನನ್ನ ಹಲ್ಲಿರೋದೇ ದಾರಕ್ಕೆ. ಬಿಡುವಾದ್ರೆ ಊಟಕ್ಕೆ."

ಇದು ಬರೀ ಬಡಾಯಿಯಲ್ಲ. ಅವನ ಅಂಗಡಿಯಲ್ಲಿ ನಾಲ್ಕು ಕತ್ತರಿಗಳಿದ್ದವು, ನಾಲ್ಕೂ ತುಕ್ಕು ಹಿಡಿದಿದ್ದವು. ಗುಂಡಿ ಹೊಲಿದರೆ ಹಲ್ಲು, ಅಂಚು ಮಡಿಸಿದರೆ ಹಲ್ಲು. ಇಪ್ಪತ್ತು ವರ್ಷ ಕಚ್ಚಿ ಕಚ್ಚಿ ಮುಂದಿನ ಎರಡು ಹಲ್ಲುಗಳ ನಡುವೆ ಒಂದು ಸಣ್ಣ ಕಚ್ಚು ಬಿದ್ದಿತ್ತು. ಕತ್ತಲೆಯಲ್ಲಿ ಸೂಜಿ ಕಳೆದರೆ ಅಲ್ಲೇ ಹುಡುಕುತ್ತಾನೆ ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು. ಯಾರದೇ ಬಟ್ಟೆಯಲ್ಲಿ ಬಿಡಿದಾರ ಕಂಡರೂ ಅವನಿಗೆ ತಡೆಯಲಾಗದು. ಒಮ್ಮೆ ಮದುವೆಮನೆಯ ಸಾಲಿನಲ್ಲಿ ನಿಂತು, ಮುಂದಿದ್ದ ಪರಿಚಯವೇ ಇಲ್ಲದ ಮುದುಕನ ಕಾಲರಿಗೆ ಬಾಯಿ ಹಾಕಿ ಏಟು ತಿಂದಿದ್ದ.

ವಾರದ ಕೊನೆಗೆ ಕಡಲ ದಾರಿಯಲ್ಲಿ ಸುತ್ತಾಡಿ ಬರೋಣ ಎಂದು ಹೊರಡಿಸಿದವಳು ಅಮ್ಮ. ಹೊಸ್ತಿಲು ದಾಟಲು ನೂರು ನೆಪ ಹೇಳುವ ಅಮ್ಮ! ಅಣ್ಣ ಲಾರಿ ಡ್ರೈವರ್. ಇದೇ ರಸ್ತೆಯಲ್ಲಿ ಐಸ್ ಸಾಗಿಸುತ್ತಿದ್ದವನು ಮೂರು ತಿಂಗಳಿಂದ ಮನೆಯಲ್ಲೇ ಇದ್ದ. ಬಲಗೈಗೆ ನರ ಹಿಡಿದಿದೆ ಎನ್ನುತ್ತಿದ್ದ. ಎಡಗೈಯೊಂದರಲ್ಲೇ ಕಾರು ಓಡಿಸುತ್ತ, ಗೇರು ಬದಲಿಸುವಾಗ ಸ್ಟೀರಿಂಗನ್ನು ಮಂಡಿಯಿಂದ ಒತ್ತಿ ಹಿಡಿಯುತ್ತಿದ್ದ. ಪ್ರತಿ ತಿರುವಿನಲ್ಲೂ ದರ್ಜಿಯ ಜೀವ ಬಾಯಿಗೆ ಬರುತ್ತಿತ್ತು. ಹಿಂದಿನ ಸೀಟಿನಲ್ಲಿ ಅಮ್ಮನ ಪಕ್ಕ ದರ್ಜಿಯ ಆರು ವರ್ಷದ ಮಗಳು. ಹುಟ್ಟಿದಾಗ ಅಂಗಿಯ ಗುಂಡಿಯಷ್ಟೇ ಇದ್ದಳೆಂದು ಎಲ್ಲರೂ ಕರೆಯುತ್ತಿದ್ದದ್ದು ಗುಂಡಿ. ತಾಯಿಯಿಲ್ಲದ ಅವಳನ್ನು ಸಾಕಿದವಳೂ ಅಮ್ಮನೇ.

ಚಹಾದಂಗಡಿಯ ಹೆಂಗಸು ಹೇಳಿದ ತಿರುವಿನಲ್ಲೇ ಕಾರು ನಿಂತಿತು. ಕೆಳಗೆ ಕಡಲು ನೀಲಿ ರೇಷ್ಮೆಯ ಥಾನು ಬಿಚ್ಚಿ ಹಾಸಿದಂತಿತ್ತು. ಎಲ್ಲರೂ ಇಳಿದು ತಡೆಗೋಡೆಗೆ ಒರಗಿದರು. ದರ್ಜಿ ಚಹಾದಂಗಡಿಯ ಕತೆಯನ್ನು ಬಾಲ ಸೇರಿಸಿ ಹೇಳಿ, ಹೊಟ್ಟೆ ಹಿಡಿದುಕೊಂಡು ನಕ್ಕ. ಅಣ್ಣ ಕಡಲನ್ನೇ ನೋಡುತ್ತಿದ್ದ.

"ಅಂಥದ್ದನ್ನೆಲ್ಲ ನೀನು ನಂಬ್ತೀಯೇನೋ?" ಅಮ್ಮ ಕೇಳಿದಳು.

"ನಾನಾ? ಚೆನ್ನಾಗಿ ಕೇಳ್ದೆ!"

"ಹಾಗಾದ್ರೆ ಅವನ ತೋಳು ನೋಡು. ದಾರ ನೇತಾಡ್ತಿದೆ. ದರ್ಜಿಯ ಅಣ್ಣ ಅಂದ್ರೆ ಜನ ನಗಲ್ವಾ?"

ನಿಜಕ್ಕೂ ಒಂದು ದಾರ ಇತ್ತು. ಗೇಣುದ್ದ. ಕಪ್ಪು. ಗಾಳಿ ಎಡಕ್ಕೆ ಬೀಸುತ್ತಿದ್ದರೆ ಅದು ಬಲಕ್ಕೆ ಆಡುತ್ತಿತ್ತು. ದರ್ಜಿ ಅಣ್ಣನ ತಣ್ಣನೆಯ ಮುಂಗೈಯನ್ನು ಎತ್ತಿ, ಬಾಯಿಗೆ ತಂದು, ಕಟ್ಟೆಂದು ಕಚ್ಚಿದ.

ಸುಟ್ಟ ಕೂದಲಿನ ವಾಸನೆ ಗಂಟಲಿಗಿಳಿಯಿತು. ಅಲೆಗಳ ಸದ್ದು ಯಾರೋ ಬಾಗಿಲು ಮುಚ್ಚಿದಂತೆ ನಿಂತು, ಮತ್ತೆ ಶುರುವಾಯಿತು.

"ಥೂ! ಏನು ದಾರಾನೋ ಇದು, ಕೊಳೆತ ಮೀನು ಕಟ್ಟಿದ್ರಾ?" ಎಂದು ಉಗುಳಿದ. ಉಗುಳಿನಲ್ಲಿ ದಾರ ಇರಲಿಲ್ಲ. ಅಣ್ಣ ಕಾರು ಹತ್ತಿದ.

ಮುಂದೆ ಗುಡ್ಡ ಕೊರೆದ ಸುರಂಗ. ಕಾರು ನುಗ್ಗಿದ್ದೇ ಹಗಲು ಆರಿಹೋಯಿತು. ಒದ್ದೆ ಕಲ್ಲಿನ ವಾಸನೆ. ಎಲ್ಲೋ ತೊಟ್ಟಿಕ್ಕುವ ನೀರು. ಅಣ್ಣ ದೀಪ ಹಾಕಿದ.

ಬಲಗೈಯಲ್ಲಿ ಹಾಕಿದ.

ಅದೇ ಕೈಯ ಐದೂ ಬೆರಳುಗಳು ಸ್ಟೀರಿಂಗನ್ನು ಗಟ್ಟಿಯಾಗಿ ಹಿಡಿದವು. ದರ್ಜಿ ನಗಲು ಹೋದ, ನಗು ಬರಲಿಲ್ಲ. ಕಣ್ಣುಜ್ಜಿಕೊಳ್ಳಲು ಕೈ ಎತ್ತಿದ. ಕೈ ಏಳಲಿಲ್ಲ. ಇನ್ನೊಂದೂ ಏಳಲಿಲ್ಲ. ಅಣ್ಣನ ಒಂದು ಕೈಗೆ ಮೂರು ತಿಂಗಳು ಹಿಡಿದದ್ದು ದರ್ಜಿಯ ಎರಡೂ ಕೈಗೆ ಅರ್ಧ ಸುರಂಗದಲ್ಲೇ ಮುಗಿದಿತ್ತು. ಯಾರೋ ಮರೆತುಹೋದ ಗಂಟಿನಂತೆ ಎರಡೂ ತೊಡೆಯ ಮೇಲೆ ಬಿದ್ದಿದ್ದವು.

"ಅಣ್ಣ, ನಿನ್ನ ಕೈ..."

ಅಣ್ಣ ರಸ್ತೆ ನೋಡುತ್ತಿದ್ದ.

"ಅಮ್ಮಾ?"

ಹಿಂದಿನಿಂದ ದನಿ ಬಂತು. ಅಳುವ ದನಿ, ಆದರೆ ತಡವರಿಸದ ದನಿ. "ಅವನಿಗೆ ಮೂರು ಮಕ್ಕಳು ಕಣೋ. ಲಾರಿ ಬಿಟ್ರೆ ಬೇರೇನೂ ಬರಲ್ಲ. ನೀನು ಗಟ್ಟಿ. ಚಿಕ್ಕಂದಿನಿಂದ ಏನು ಬಂದ್ರೂ ತಡ್ಕೊಂಡಿದೀಯ."

ದರ್ಜಿ ತೊಡೆಯ ಮೇಲಿನ ಕೈಗಳನ್ನು ನೋಡಿದ. ಮನೆಯಲ್ಲಿ ಒಂದೇ ಹೊಸ ಬಟ್ಟೆ ಬಂದರೆ ಅಣ್ಣನಿಗೆ, ಅಣ್ಣನದು ಹಳತಾದರೆ ತನಗೆ. ಹಾಗೆ ಬಂದ ಬಟ್ಟೆಗಳನ್ನು ಬಿಚ್ಚಿ ಹೊಲಿದುಕೊಳ್ಳುತ್ತಲೇ ಅವನು ದರ್ಜಿಯಾಗಿದ್ದ. ಈಗ ಇದೂ ಅಣ್ಣನದೇ.

ಸುರಂಗ ಮುಗಿಯಿತು. ಬಿಸಿಲು ಕಣ್ಣಿಗೆ ಚುಚ್ಚಿತು. ಎಡಗಡೆ ಮತ್ತೆ ಕಡಲು. ಮುಂದೆ ಅರ್ಧ ಮೈಲಿಗೆ ರಸ್ತೆ ಗುಡ್ಡದ ಹಿಂದಕ್ಕೆ ಹೊರಳುವುದು ಕಾಣುತ್ತಿತ್ತು. ದರ್ಜಿ ತನ್ನ ತೋಳು ನೋಡಿಕೊಂಡ. ತಾನೇ ಹೊಲಿದ ಅಂಗಿ. ಒಂದು ಎಳೆಯೂ ಆಚೀಚೆ ಇಲ್ಲದ ಹೊಲಿಗೆ. ಅದರ ಅಂಚಿನಿಂದ ಗೇಣುದ್ದದ ಕರಿದಾರ ಇಳಿಬಿದ್ದಿತ್ತು.

"ಹೋಗು ಪುಟ್ಟಾ, ಅಪ್ಪನ ತೊಡೆ ಮೇಲೆ ಕೂತ್ಕೋ," ಎಂದು ಅಮ್ಮ ಎರಡು ಸೀಟುಗಳ ಸಂದಿಯಿಂದ ಗುಂಡಿಯನ್ನು ಮುಂದಕ್ಕೆ ದಾಟಿಸಿದಳು.

ಮಗು ಬೆಚ್ಚಗೆ ಒರಗಿತು. "ಅಪ್ಪ, ನಿನ್ನ ತೋಳಲ್ಲಿ ದಾರ! ನಾನು ತೆಗೀತೀನಿ. ಅಜ್ಜಿ ಮನೇಲೇ ಹೇಳಿದ್ರು, ನಿನ್ನ ಥರಾನೇ ಹಲ್ಲಲ್ಲಿ ತೆಗೀಬೇಕು ಅಂತ."

ಮನೆಯಲ್ಲೇ. ಮನೆಯಿಂದ ಹೊರಡುವ ಮೊದಲೇ.

"ಬೇಡ ಗುಂಡಿ! ಅದನ್ನ ಬಿಡು!"

"ಇರಪ್ಪ, ನಂಗೆ ಬರುತ್ತೆ." ಅವಳಿಗೆ ಇದು ಆಟ. ದಿನಾ ಮಿಷನ್ನಿನ ಪಕ್ಕ ಕೂತು ಅಪ್ಪನನ್ನು ಅಣಕಿಸುವ ಆಟ. ಎರಡೂ ಕೈಯಲ್ಲಿ ಅವನ ಸತ್ತ ಮುಂಗೈ ಎತ್ತಿದಳು.

"ಅಣ್ಣಾ, ಕಾರು ನಿಲ್ಲಿಸೋ!"

ಕಾರು ನಿಧಾನವಾಯಿತು. ನಿಲ್ಲಲಿಲ್ಲ. ಕಡಲು ಕಾಣುವಷ್ಟು ಹೊತ್ತು ಕಾಣಲಿ ಎಂಬಂತೆ ತೆವಳಿತು.

"ಸುಮ್ನಿರೋ," ಅಮ್ಮ ಕಿವಿಯ ಹತ್ತಿರ ಪಿಸುಗುಟ್ಟಿದಳು. "ಅಣ್ಣತಮ್ಮ ಇಬ್ಬರೂ ಉಳೀತೀರ. ಅದಕ್ಕಿನ್ನೂ ಆರು ವರ್ಷ. ಕೈಕೆಲಸ ಅಂತ ಏನೂ ಕಲಿತಿಲ್ಲ. ಇಲ್ಲದ್ದು ಹೋದ್ರೆ ಅದಕ್ಕೆ ಗೊತ್ತಾಗಲ್ಲ."

ಮಗುವಿನ ಬಾಯಿ ತೆರೆಯಿತು. ಮುಂದಿನ ಒಂದು ಹಾಲುಹಲ್ಲು ಬಿದ್ದಿತ್ತು. ಪಕ್ಕದ್ದು ಅಲುಗುತ್ತಿತ್ತು. ದಾರ ತಾನಾಗಿ ತಲೆಯೆತ್ತಿತು. ಆ ಸಂದಿಯತ್ತ ಚಾಚಿತು. ತಳ್ಳಲು ಕೈಯಿಲ್ಲ. ಹಿಡಿಯಲು ಕೈಯಿಲ್ಲ. ಸುಟ್ಟ ಕೂದಲಿನ ವಾಸನೆ. ಇನ್ನೊಂದು ಬೆರಳಷ್ಟು. ಇನ್ನು ಅರ್ಧ.

ದರ್ಜಿ ತಲೆ ಬಗ್ಗಿಸಿ ಗುಂಡಿಯ ಹಣೆಗೆ ಗುದ್ದಿದ. ಮಗು ಚೀರಿ ಹಿಂದಕ್ಕೆ ಬಿತ್ತು. ಅವನು ಕುತ್ತಿಗೆ ಚಾಚಿದ. ದಾರ ಹಾವಿನಂತೆ ಹೊರಳಿ ತಪ್ಪಿಸಿಕೊಂಡಿತು. ಮತ್ತೆ ಚಾಚಿದ. ಸಿಕ್ಕಿತು. ಇಪ್ಪತ್ತು ವರ್ಷದ ಆ ಕಚ್ಚಿನಲ್ಲಿ ಬಂದು ಕೂತಿತು.

"ಬೇಡ್ವೋ!" ಅಮ್ಮ ಕಿರುಚಿದಳು.

ಕಟ್ಟೆಂದು ಕಚ್ಚಿದ. ನುಂಗಿದ. ಮರುಕ್ಷಣ ಗುಡ್ಡ ಕಡಲನ್ನು ಮರೆಮಾಡಿತು.

ಇದಾಗಿ ಹತ್ತು ವರ್ಷ. ಬೀದಿಯ ಆ ಅಂಗಡಿಯಲ್ಲಿ ಈಗ ಮಿಷನ್ ತುಳಿಯುವವಳು ಗುಂಡಿ. ಅಪ್ಪ ಪಕ್ಕದಲ್ಲಿ ಕೂತು ಅಳತೆ ಹೇಳುತ್ತಾನೆ, ಗಿರಾಕಿಗಳನ್ನು ನಗಿಸುತ್ತಾನೆ. ನಾಲ್ಕೂ ಕತ್ತರಿಗಳು ಥಳಥಳ ಹೊಳೆಯುತ್ತವೆ. ಅವಳು ಬಟ್ಟೆಗೆ ಬಾಯಿ ತಂದರೆ ಮಾತ್ರ ಅವನು ಗುಡುಗುತ್ತಾನೆ. ಅಣ್ಣನ ಲಾರಿ ವಾರಕ್ಕೆರಡು ಸಲ ಅದೇ ಬೀದಿಯಲ್ಲಿ ಹಾದುಹೋಗುತ್ತದೆ. ನಿಲ್ಲುವುದಿಲ್ಲ.

ಮಧ್ಯಾಹ್ನ ಅಮ್ಮ ಊಟ ತರುತ್ತಾಳೆ. ಗುಂಡಿಗೆ ಮಿಷನ್ ಬಿಟ್ಟೇಳಲು ಪುರುಸೊತ್ತಿಲ್ಲ. ಕೈಯಿಲ್ಲದವನಿಗೆ ಯಾರಾದರೂ ತಿನ್ನಿಸಲೇಬೇಕು. ಅಮ್ಮ ಅನ್ನ ಕಲಸಿ, ತುತ್ತು ಮಾಡಿ, "ಬಾಯಿ ತೆಗಿ ಮಗನೇ" ಎನ್ನುತ್ತಾಳೆ.

ಅವನು ಕೂಡಲೇ ತೆಗೆಯುವುದಿಲ್ಲ. ಬಾಗಿ, ಅವಳ ಬೆರಳುಗಳ ನಡುವಿನ ತುತ್ತನ್ನು ಸುತ್ತಲೂ ನೋಡುತ್ತಾನೆ, ಎಲ್ಲಾದರೂ ದಾರ ಇದೆಯೇ ಎಂದು. ಅವನು ನೋಡಿ ಮುಗಿಸುವವರೆಗೆ ಅಮ್ಮ ಕೈ ಚಾಚಿಕೊಂಡೇ ಇರುತ್ತಾಳೆ.