ಗಾಜಿನೊಳಗಿನ ಗಿಲಕಿ

ನಂಬೋದು ಬಿಡೋದು ನಿಮಗೇ ಬಿಟ್ಟಿದ್ದು. ನಾನು ಮ್ಯೂಸಿಯಮ್ಮಿನ ಪಾಡ್‌ಕಾಸ್ಟ್ ರೆಕಾರ್ಡ್ ಮಾಡುವವನು. ಮಾತು ಮುಗಿದ ಮೇಲೆ ಕೋಣೆಯ ಮೌನವನ್ನೂ ಒಂದಿಷ್ಟು ಹಿಡಿದಿಡುತ್ತೇನೆ. ಮಾತು ಕತ್ತರಿಸಿದ ಕಡೆ ತೇಪೆ ಹಾಕಲು ಬೇಕು.

ಆ ಮಧ್ಯಾಹ್ನ, ಪುರಾತತ್ವದ ಕೆಲಸದಲ್ಲಿರುವ ನನ್ನ ಅಕ್ಕ ತಾನೇ ಅಗೆದು ತೆಗೆದ ಹಳೇ ಕಾಲದ ಮಣ್ಣಿನ ಗಿಲಕಿಯ ಬಗ್ಗೆ ಮಾತಾಡಿದ್ದಳು. ತುಂಬು ಬಸುರಿ. "ಬೆಳಗಿನಿಂದ ಮಗು ಮಿಸುಕಿಲ್ಲ ಕಣೋ. ಬೇಗ ಮುಗಿಸು, ಡಾಕ್ಟರ ಹತ್ರ ಹೋಗೋಣ" ಅಂದಳು.

ಮೌನ ಹಿಡಿಯುವಾಗ ಹೆಡ್‌ಫೋನಿನಲ್ಲಿ ಗಿಲಕಿ ಆಡಿಸಿದ ಸದ್ದು ಕೇಳಿತು. ಅದರೊಳಗೆ ಮಣ್ಣು ಕಲ್ಲಾಗಿ ಕೂತಿತ್ತು, ಸದ್ದು ಬರುವ ಹಾಗೇ ಇರಲಿಲ್ಲ. ತಿರುಗಿ ನೋಡಿದರೆ, ಅದನ್ನಿಟ್ಟಿದ್ದ ಗಾಜಿನ ಪೆಟ್ಟಿಗೆಯ ಒಳಬದಿಗೆ ಯಾರೋ ಉಸಿರು ಬಿಟ್ಟಷ್ಟು ಮಬ್ಬು.

"ಮುಟ್ಟಿದ್ಯಾ, ಅಕ್ಕಾ?"

"ಬೀಗ ಹಾಕಿದೆಯಲ್ಲೋ!" ಅಂದವಳು ತಟ್ಟನೆ ಹೊಟ್ಟೆ ಮೇಲೆ ಕೈಯಿಟ್ಟಳು. "ಒದೀತು ಕಣೋ!"

ರೆಕಾರ್ಡಿಂಗಿನಲ್ಲಿ ಹುಡುಕಿದರೆ ಬರೀ ಮೌನ. ಈಗ ಅಕ್ಕನ ಮಗಳು ರಚ್ಚೆ ಹಿಡಿದಾಗ ಅದನ್ನೇ ಹಾಕುತ್ತೇವೆ. ನಮಗೇನೂ ಕೇಳಿಸುವುದಿಲ್ಲ. ಅವಳು ಮಾತ್ರ ಅಳು ನಿಲ್ಲಿಸಿ, ಪ್ರತಿ ಸಲವೂ, ಅಂದು ನನಗೆ ಗಿಲಕಿ ಕೇಳಿಸಿದ ಜಾಗ ಬಂದಾಗಲೇ ನಗುತ್ತಾಳೆ.