ಖಾಲಿ ಕೊಟ್ಟಿಗೆಯ ಹಾಲು

ಹಸುವಿನಿಂದ ಮನುಷ್ಯರಿಗೆ ಹರಡುವ ಜ್ವರವೊಂದರ ಬಗ್ಗೆ ನಾವೂ ಡೆನ್ಮಾರ್ಕಿನವರೂ ಸೇರಿ ಸಂಶೋಧನೆ ಮಾಡುತ್ತಿದ್ದೇವೆ. ಹಳ್ಳಿಗಳಿಂದ ಹಾಲಿನ ಸ್ಯಾಂಪಲ್ ತರುವುದು ನನ್ನ ಕೆಲಸ. ಬೆಳಕವಾಡಿಯ ಜವರೇಗೌಡರ ಹೆಂಡತಿ ಚಿಕ್ಕಬೋರಮ್ಮ ಆ ಜ್ವರದಲ್ಲೇ ತೀರಿಕೊಂಡರು. ಅವರ ಹಸು ಬೇರೆ ಯಾರಿಗೂ ಹಾಲು ಕೊಡುತ್ತಿರಲಿಲ್ಲವಾದ್ದರಿಂದ ಗೌಡರು ಹೆಂಡತಿಯ ಸೀರೆ ಹೊದ್ದು ಕರೆಯುತ್ತಿದ್ದರು. ನಮ್ಮ ಕಡೆ ಇದು ಹೊಸದೇನಲ್ಲ.

ಆವತ್ತು ಸಂಜೆ ನಾನು ಹೋದಾಗ ಸೀರೆ ತಂತಿಯ ಮೇಲೆ ಒಣಗುತ್ತಿತ್ತು, ಗೌಡರು ಜಗಲಿಯಲ್ಲಿ ಕೂತಿದ್ದರು. ಕೊಟ್ಟಿಗೆಯಲ್ಲಿ ಮಾತ್ರ ಹಾಲು ಪಾತ್ರೆಗೆ ಬೀಳುವ ಸದ್ದು ಕೇಳುತ್ತಿತ್ತು. ಒಳಗೆ ಯಾರೂ ಇರಲಿಲ್ಲ. ಹಸು ಕತ್ತು ಹೊರಳಿಸಿ ಬರಿ ಗಾಳಿಯನ್ನು ನೆಕ್ಕುತ್ತಿತ್ತು. ನೊರೆ ಇನ್ನೂ ಆರದ ಆ ಹಾಲು ಮುಟ್ಟಿದರೆ ಬಾವಿಯ ನೀರಿನಂತೆ ಕೊರೆಯುತ್ತಿತ್ತು.

ಅದರಲ್ಲಿ ರೋಗಾಣು ಸಿಕ್ಕಿತು. ಹಸುವನ್ನು ಬೇರೆ ಕಡೆ ಇಡಲೇಬೇಕಾಯಿತು. ವ್ಯಾನಿಗೆ ಹತ್ತಿಸುವಾಗ ಗೌಡರು ನನ್ನ ಕೈ ಹಿಡಿದುಕೊಂಡು, "ಇದ್ನೂ ತಕ್ಕಂಡೋಗ್ಬುಟ್ರೆ ಅವ್ಳು ಇನ್ಯಾವ್ ನೆಪಕ್ ಬತ್ತಾಳೆ ಸಾ?" ಎಂದರು. ನಾನು ವ್ಯಾನಿನ ಬಾಗಿಲು ಹಾಕಿದೆ.

ಮದ್ದೂರಿನ ಹತ್ತಿರ ನಮ್ಮ ಶೆಡ್ಡಿನಲ್ಲಿ ಹಸು ಮೇವು ಮುಟ್ಟದೆ ಸತ್ತುಹೋಯಿತು. ಆಮೇಲೊಂದು ಸಂಜೆ ಗೌಡರು ಫೋನ್ ಮಾಡಿ ಕರೆಸಿಕೊಂಡರು. ಖಾಲಿ ಕೊಟ್ಟಿಗೆಯಲ್ಲಿ ಪಾತ್ರೆಯ ತುಂಬ ನೊರೆಹಾಲಿತ್ತು. ಈ ಸಲ ಮುಟ್ಟಿದರೆ ಬೆಚ್ಚಗಿತ್ತು. ಎಲ್ಲಿಯದೆಂದು ಹೇಳದೆ ಸ್ಯಾಂಪಲ್ ಕಳಿಸಿದೆ. ಹಸುವಿನ ಹಾಲೇ, ರೋಗಾಣು ಇಲ್ಲ ಎಂದು ಡೆನ್ಮಾರ್ಕಿನಿಂದ ಉತ್ತರ ಬಂತು.

ಗೌಡರಿಗೆ ಹೋಗಿ ಹೇಳಿದೆ. ಅವರು ತಂತಿಯ ಮೇಲಿದ್ದ ಸೀರೆಯನ್ನು ತೆಗೆದು ಮಡಿಸುತ್ತಾ, "ಅಂಗಾರೆ ಅವ್ಳ್ಗೆ ಜ್ವರ ಬುಟ್ಟದೆ ಬುಡಿ ಸಾ" ಎಂದರು.