ಕರೆಂಟ್ ತೊಳೆಯುವ ಪೆಟ್ಟಿಗೆ

ಮಖಮಲ್ಲಿನ ಹೊದಿಕೆ ಎತ್ತಿದಾಗ ಅದರ ಕೆಳಗಿದ್ದದ್ದು ಚಪ್ಪಲಿ ಅಂಗಡಿಯ ಒಂದು ರಟ್ಟಿನ ಡಬ್ಬ.

ಭಾನುವಾರ ಬೆಳಗಿನ ಹತ್ತೂವರೆ. ಸಂಗೀತದ ಕೋಣೆಯಲ್ಲಿದ್ದ ನಾಲ್ವರೂ ಬಿಟ್ಟ ಕಣ್ಣು ಬಿಟ್ಟಂತೆ ಆ ಡಬ್ಬವನ್ನೇ ನೋಡಿದರು. ಹೊದಿಕೆಯ ಕೆಳಗೆ ಇರಬೇಕಾಗಿದ್ದದ್ದು ಒಂದು ಕರಿಯ ಪೆಟ್ಟಿಗೆ. ಮನೆಯ ಯಜಮಾನ ಮೂರು ತಿಂಗಳ ಹಿಂದೆ ಹೊಸ ಕಾರಿನ ಬೆಲೆ ಕೊಟ್ಟು ಅದನ್ನು ತಂದಿದ್ದ. ಗೋಡೆಯಿಂದ ಬರುವ ವಿದ್ಯುತ್ತನ್ನು ಅದು ಶುದ್ಧಮಾಡಿ ಆಂಪ್ಲಿಫೈಯರಿಗೆ ಕೊಡುತ್ತದಂತೆ; ಹಾಡು ನಿಚ್ಚಳವಾಗುತ್ತದಂತೆ. ‘ಕರೆಂಟ್ ತೊಳೆಯುವ ಪೆಟ್ಟಿಗೆ’ ಎಂದು ಅವನ ಹೆಂಡತಿ ಅದಕ್ಕೆ ಹೆಸರಿಟ್ಟಿದ್ದಳು.

ಈಗ ಪೆಟ್ಟಿಗೆ ಇಲ್ಲ. ಆಂಪ್ಲಿಫೈಯರಿನ ತಂತಿ ನೇರವಾಗಿ ಗೋಡೆಯ ಸಾಕೆಟ್ಟಿಗೆ ಸೇರಿತ್ತು.

“ನಾನು ಹೇಳ್ಲಿಲ್ವಾ?” ಎಂದರು ಮುಂದಿನ ಕುರ್ಚಿಯಲ್ಲಿದ್ದ ಆಡಿಯೋ ಅಂಗಡಿಯವರು. “ಇವತ್ತು ಧ್ವನಿ ಒಣಗಿದೆ, ಪೆಟ್ಟಿಗೆ ಒಂದ್ಸಲ ನೋಡಿ ಅಂದೆ.”

ಪೆಟ್ಟಿಗೆ ಮಾರಿದವರು ಇವರೇ. ಗೆಳೆಯರ ಬಳಗದಲ್ಲಿ ಇವರ ಹೆಸರು ಚಿನ್ನದ ಕಿವಿ. ಪಕ್ಕದಲ್ಲಿದ್ದ ಹಲ್ಲಿನ ಡಾಕ್ಟರ ಮುಖ ಕೆಂಪಾಯಿತು. ಒಂದು ಗಂಟೆಯಿಂದ ಅವರು, “ಪೆಟ್ಟಿಗೆ ಬಂದ ಮೇಲೆ ಹಾಡುವವಳು ಎದುರಿಗೇ ಕೂತ ಹಾಗಿದೆ” ಎಂದು ಹೊಗಳುತ್ತಿದ್ದರು. ಈಗ ಚಿನ್ನದ ಕಿವಿಯವರಿಗೆ ಕೈಮುಗಿದರು.

“ಇಂಥ ಕಿವಿಗೆ ದೊಡ್ಡ ನಮಸ್ಕಾರ.”

ಬಾಗಿಲ ಬಳಿ ಸ್ಟೂಲಿನ ಮೇಲೆ ನಾಲ್ಕನೆಯವರು ಕೂತಿದ್ದರು. ಅವರು ಮನೆಯಾಕೆಯ ಚಿಕ್ಕಪ್ಪ. ನಲವತ್ತು ವರ್ಷ ರೇಡಿಯೋ ರಿಪೇರಿ ಮಾಡಿ, ರೇಡಿಯೋ ಮೇಷ್ಟ್ರು ಎಂದೇ ಹೆಸರಾದವರು. ಹೋದ ವರ್ಷ ಹೆಂಡತಿ ತೀರಿಕೊಂಡ ಮೇಲೆ ಭಾನುವಾರದ ಊಟಕ್ಕೆ ಇಲ್ಲಿಗೇ ಬರುತ್ತಿದ್ದರು.

ಯಜಮಾನ ಹೊದಿಕೆಯನ್ನು ನೆಲಕ್ಕೆ ಬಿಸಾಡಿದ. ಟೀ ತಂದು ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಕಡೆ ತಿರುಗಿದ.

“ನಿನ್ನ ತಮ್ಮಂದೇ ಕೆಲಸ. ನಿನ್ನೆ ಮಧ್ಯಾಹ್ನ ಒಬ್ಬನೇ ಈ ಕೋಣೇಲಿದ್ದ.”

“ಹೊಸ ಅಲಮಾರಿಗೆ ಪಾಲಿಶ್ ಕೊಡೋ ಮೊದಲು ಇನ್ನೊಂದ್ಸಲ ಅಳತೆ ತಗೋ ಅಂತ ಕರೆದವರು ನೀವೇ ಅಲ್ವಾ?”

“ಅಳತೆ ತಗೊಂಡ. ಪೆಟ್ಟಿಗೇನೂ ತಗೊಂಡ. ಪೊಲೀಸರಿಗೆ ಹೇಳ್ತೀನಿ.”

ಮೇಷ್ಟ್ರು ಸ್ಟೂಲಿನಿಂದ ಎದ್ದರು. ಬಡಗಿ ಕೆಲಸದ ಆ ಹುಡುಗ ಅವರ ಅಣ್ಣನ ಮಗ. ಒಂದು ಶಾಲೆಯ ಎಲ್ಲ ಬೆಂಚುಗಳನ್ನೂ ಮಾಡುವ ಕೆಲಸ ಮೊನ್ನೆಯಷ್ಟೇ ಅವನಿಗೆ ಸಿಕ್ಕಿತ್ತು. ಮನೆಮನೆಗೆ ಹೋಗಿ ದುಡಿಯುವವನ ಹೆಸರಿಗೆ ಒಮ್ಮೆ ಕಳ್ಳತನ ಅಂಟಿದರೆ ಯಾರು ಬಾಗಿಲು ತೆರೆದಾರು?

“ಅಳಿಯಂದ್ರೇ, ಊಟದ ಹೊತ್ತಿನವರೆಗೆ ತಡೀರಿ. ನಾಲ್ಕು ಮಾತು ಕೇಳ್ತೀನಿ.”

“ಮಾವ, ಇದು ನಿಮ್ಮ ರೇಡಿಯೋ ಅಲ್ಲ.”

“ಗೊತ್ತು. ರೇಡಿಯೋ ಆಗಿದ್ರೆ ಇಷ್ಟೊತ್ತಿಗೆ ರಿಪೇರಿ ಆಗಿರ್ತಿತ್ತು. ಪೆಟ್ಟಿಗೆ ಕೊನೇಸಲ ಕಣ್ಣಾರೆ ನೋಡಿದ್ದು ಯಾವಾಗ?”

“ನಿನ್ನೆ ಬೆಳಿಗ್ಗೆ. ಧೂಳು ಒರೆಸಿದೆ. ಆಮೇಲೆ ಹೊದಿಕೆ ತೆಗೀಲಿಲ್ಲ. ಆದ್ರೆ ಧ್ವನಿ...”

“ಧ್ವನಿ ಬಿಡಿ. ರಾತ್ರಿ ಹಾಡು ಕೇಳಿದ್ರಾ?”

“ಕೇಳಿದೆ. ಅದ್ಭುತವಾಗಿತ್ತು.”

“ನಿನ್ನೆ ಈ ಕೋಣೆಗೆ ಬೇರೆ ಯಾರು ಬಂದಿದ್ರು?”

“ಯಾರೂ ಇಲ್ಲ.”

“ಸಂಜೆ ಇವರು ಬಂದಿದ್ರಲ್ಲ ಚಿಕ್ಕಪ್ಪ,” ಎಂದಳು ಯಜಮಾನನ ಹೆಂಡತಿ, ಚಿನ್ನದ ಕಿವಿಯವರನ್ನು ತೋರಿಸಿ. “ತಂತಿ ತುದಿ ಒರೆಸ್ತೀನಿ ಅಂತ. ನಾನೇ ಬಾಗಿಲು ತೆಗೆದೆ. ನಮ್ಮನೆಯವರಿನ್ನೂ ಆಫೀಸಿಂದ ಬಂದಿರಲಿಲ್ಲ.”

ಯಜಮಾನ ಸಿಡುಕಿದ. “ಅವರು ಹೊರಗಿನವರಾ? ಮಾರಿದವರೇ ಬಂದು ಕದೀತಾರಾ? ಅವರ ಅಂಗಡೀಲಿ ಇಂಥವು ಹತ್ತಿವೆ.”

“ಹಿರಿಯರು, ಕೇಳ್ಲಿ ಬಿಡಿ,” ಎಂದು ಚಿನ್ನದ ಕಿವಿಯವರು ನಕ್ಕರು.

ಮೇಷ್ಟ್ರು ಹಣೆ ಉಜ್ಜಿಕೊಂಡರು. ಅಳಿಯನಿಗೆ ತಿಳಿ ಹೇಳುವುದೆಂದರೆ ತೂತು ಕೊಡಕ್ಕೆ ನೀರು ಹೊಯ್ದಂತೆ. ಆದರೂ ಹೊಯ್ದರು.

“ಹೊಸ ಅಲಮಾರಿಗೆ ಈ ಪೆಟ್ಟಿಗೆ ಕೂರ್ತಿತ್ತಾ?”

“ಇಲ್ಲ. ಎರಡು ಬೆರಳು ಎತ್ತರ ಹೆಚ್ಚಾಗ್ತಿತ್ತು, ಅಲಮಾರಿ ಆಗಲೇ ಮಾಡಿ ಮುಗಿದಿತ್ತು. ನಾಳೆ ಪೆಟ್ಟಿಗೆ ಅಡಿಯ ಹಿತ್ತಾಳೆ ಕಾಲು ಬಿಚ್ಚಿಸೋಣ ಅಂತಿದ್ದೆ.”

“ಯಾರಿಗಾದ್ರೂ ಹೇಳಿದ್ರಾ?”

“ಮಾರಿದ ಇವರನ್ನ ಕೇಳದೆ ಬಿಚ್ಚೋಕಾಗುತ್ತಾ? ನಿನ್ನೆ ಮಧ್ಯಾಹ್ನವೇ ಫೋನ್ ಮಾಡಿದೆ. ಕೂಡದು, ಧ್ವನಿ ಕೆಡುತ್ತೆ ಅಂದ್ರು. ಬೇರೆ ದಾರಿ ಇಲ್ಲ, ಬಿಚ್ಚಿಸ್ಲೇಬೇಕು ಅಂದೆ.”

ಮೇಷ್ಟ್ರು ಡಾಕ್ಟರ ಕಡೆ ತಿರುಗಿದರು.

“ಡಾಕ್ಟ್ರೇ, ನೀವೂ ಇಂಥದ್ದೇ ತಗೊಂಡಿದ್ದೀರಲ್ವಾ? ಒಂದ್ಸಲ ತರ್ತೀರಾ?”

ಎರಡು ಬೀದಿ ಆಚೆಯ ಮನೆ. ಇಪ್ಪತ್ತು ನಿಮಿಷದಲ್ಲಿ ಡಾಕ್ಟರು ತಮ್ಮ ಪೆಟ್ಟಿಗೆಯನ್ನು ಎಳೆಗೂಸಿನಂತೆ ಅವಚಿಕೊಂಡು ಏದುಸಿರು ಬಿಡುತ್ತ ಬಂದರು.

“ಪೊಲೀಸರು ಬಂದ್ರೆ ಕೇಳ್ತಾರೆ,” ಎಂದರು ಮೇಷ್ಟ್ರು ಚಿನ್ನದ ಕಿವಿಯವರಿಗೆ. “ಬರೀ ಕಿವೀಲಿ ಕೇಳಿ ಪೆಟ್ಟಿಗೆ ಇಲ್ಲ ಅಂತ ಗೊತ್ತಾಗುತ್ತಾ ಅಂತ. ಅದಕ್ಕೆ ಮೊದಲೇ ನೋಡ್ಬಿಡೋಣ. ಒಂದೇ ಹಾಡು, ಆರು ಸಲ. ಪೆಟ್ಟಿಗೆ ಇದೆಯೋ ಇಲ್ಲವೋ, ನೀವು ಹೇಳ್ಬೇಕು.”

“ಪರೀಕ್ಷೆ ಅಂದ್ರೆ ಮನಸ್ಸು ಬಿಗಿಯಾಗುತ್ತೆ,” ಎಂದರು ಚಿನ್ನದ ಕಿವಿಯವರು.

“ತೋರಿಸ್ಬಿಡಿ ಸಾರ್,” ಎಂದ ಯಜಮಾನ ಹೆಮ್ಮೆಯಿಂದ.

ಮನೆಯಾಕೆ ಒಂದು ಹಾಸಿಗೆಯ ಬಟ್ಟೆಯನ್ನು ಅಡ್ಡ ಹಿಡಿದಳು. ಅದರ ಹಿಂದೆ ಮೇಷ್ಟ್ರು ಬಗ್ಗಿದರು. ಹಾಡು ಶುರುವಾಯಿತು, ಒಂದು ಭಕ್ತಿಗೀತೆ. ಅವರ ಹೆಂಡತಿ ಇದನ್ನೇ ಅಡುಗೆಮನೆಯ ಹಳೆಯ ರೇಡಿಯೋದಲ್ಲಿ ಕೇಳುತ್ತಿದ್ದರು. ಆ ಸ್ಪೀಕರಿನ ಕಾಗದ ಹರಿದಿತ್ತು, ಗೊರಗೊರ ಎನ್ನುತ್ತಿತ್ತು. ಆಕೆಯ ಕಣ್ಣಲ್ಲಿ ನೀರು ಬರುವುದಕ್ಕೆ ಅದರಿಂದ ಏನೂ ಅಡ್ಡಿಯಾಗಿರಲಿಲ್ಲ. ಮೇಷ್ಟ್ರು ಕೆಲಸಕ್ಕೆ ಕೈಹಾಕಿದರು.

“ಪೆಟ್ಟಿಗೆ ಇದೆ,” ಎಂದರು ಚಿನ್ನದ ಕಿವಿಯವರು. ಎರಡನೆಯ ಸಲ, “ಈಗ ಇಲ್ಲ. ಕೇಳಿ, ಎಷ್ಟು ಒಣಗಿದೆ.” ಮೂರನೆಯ ಸಲ ಇದೆ. ನಾಲ್ಕನೆಯದಕ್ಕೂ ಇದೆ. ಐದಕ್ಕೆ ಇಲ್ಲ. ಆರನೆಯದಕ್ಕೆ ಕಣ್ಣು ಮುಚ್ಚಿ, “ಆಹಾ, ಬಂತು ನೋಡಿ,” ಎಂದರು.

“ಬಟ್ಟೆ ಇಳಿಸಮ್ಮ.”

ಡಾಕ್ಟರ ಪೆಟ್ಟಿಗೆ ಗೋಡೆಯ ಮೂಲೆಯಲ್ಲಿತ್ತು. ಅದರ ತಂತಿಗೆ ಸುತ್ತಿದ್ದ ರಬ್ಬರ್ ಬ್ಯಾಂಡನ್ನೂ ಯಾರೂ ಬಿಚ್ಚಿರಲಿಲ್ಲ.

“ಆರು ಸಲವೂ ಬರೀ ಗೋಡೆ ಕರೆಂಟು,” ಎಂದರು ಮೇಷ್ಟ್ರು. “ಹಾಗಾದ್ರೆ ಬೆಳಿಗ್ಗೆ ಇವರಿಗೆ ಹೇಗೆ ಗೊತ್ತಾಯ್ತು? ಹೊದಿಕೆ ಎತ್ತೋದಕ್ಕೆ ಮೊದಲೇ ಇವರು ಪೆಟ್ಟಿಗೆ ನೋಡಿ ಅಂದ್ರು. ನಾವೆಲ್ಲ ಕಿವಿಯ ಮಹಿಮೆ ಅಂತ ಕೈಮುಗಿದ್ವಿ. ಅದು ಕಿವಿಗೆ ಕೇಳಿದ್ದಲ್ಲ ಅಳಿಯಂದ್ರೇ. ಕೈಯಾರೆ ಮಾಡಿದ್ದು, ಅದಕ್ಕೇ ಗೊತ್ತಿತ್ತು. ತಂತಿಯನ್ನ ಗೋಡೆಗೆ ಸಿಕ್ಕಿಸಿ, ಡಬ್ಬ ಇಟ್ಟು ಹೋದದ್ದು ರಾತ್ರಿ ನಿಮಗೆ ತಿಳೀಬಾರದು ಅಂತ. ಬೆಳಿಗ್ಗೆ ತಾವೇ ತೋರಿಸಿಕೊಟ್ರೆ ತಪ್ಪು ಬಡಗಿ ತಲೆಗೆ, ಹೆಸರು ಇವರ ಕಿವಿಗೆ.”

“ತಾವೇ ಮಾರಿದ್ದನ್ನ ಯಾಕೆ ಕದೀತಾರೆ?” ಯಜಮಾನನ ಧ್ವನಿ ಕುಗ್ಗಿತ್ತು.

ಮೇಷ್ಟ್ರು ಡಾಕ್ಟರ ಮುಖ ನೋಡಿದರು. ಡಾಕ್ಟರು ತಮ್ಮ ಪೆಟ್ಟಿಗೆಯನ್ನು ಅವರ ಮುಂದಕ್ಕೆ ತಳ್ಳಿ, “ಬಿಚ್ಚಿ,” ಎಂದರು.

ನಾಲ್ಕು ಹಿತ್ತಾಳೆ ಕಾಲು ತಿರುಗಿಸಿದರೆ ಸಾಕಾಯಿತು, ತಳದ ತಗಡೇ ಕಳಚಿ ಬಂತು. ಒಳಗೆ ಗಟ್ಟಿಯಾದ ಸಿಮೆಂಟು. ಅದರ ಮೇಲೆ ಈ ತುದಿಯಿಂದ ಆ ತುದಿಗೆ ಒಂದು ಗೇಣು ಸಾದಾ ತಂತಿ.

“ಇದಕ್ಕೇ ಕಾಲು ಬಿಚ್ಚಬಾರದಿತ್ತು,” ಎಂದರು ಮೇಷ್ಟ್ರು.

“ಅದು ಸಿಮೆಂಟಲ್ಲ,” ಎಂದರು ಚಿನ್ನದ ಕಿವಿಯವರು ಎದ್ದು ನಿಂತು. “ಅದುರಾಟ ತಡೆಯೋ ವಿಶೇಷ ಮಿಶ್ರಣ.”

“ಕೂತ್ಕೊಳ್ಳಿ. ಪೊಲೀಸರಿಗೂ ಅದನ್ನೇ ಹೇಳಿ,” ಎಂದು ಡಾಕ್ಟರು ಬಾಗಿಲು ಮುಚ್ಚಿ ಚಿಲಕ ಹಾಕಿದರು.

ಯಜಮಾನ ಫೋನನ್ನು ಮೇಜಿನ ಮೇಲಿಟ್ಟ. “ಪೊಲೀಸು ಯಾಕೆ? ನಾಲ್ಕು ಜನಕ್ಕೆ ಗೊತ್ತಾದ್ರೆ ನಗ್ತಾರೆ. ದುಡ್ಡು ವಾಪಸ್ ಕೊಡ್ಲಿ, ಸಾಕು.”

“ಬೆಳಿಗ್ಗೆ ನನ್ನ ತಮ್ಮನ ಹೆಸರು ಹೇಳೋವಾಗ ಈ ನಾಲ್ಕು ಜನ ಎಲ್ಲಿ ಹೋಗಿದ್ರು?” ಎಂದಳು ಹೆಂಡತಿ. ಅವಳು ದನಿ ಏರಿಸಲಿಲ್ಲ. ತಾನೇ ನಂಬರ್ ಒತ್ತಿ ಫೋನನ್ನು ಅವನ ಕೈಗೆ ಕೊಟ್ಟಳು. “ಮೊದಲು ಅವನ ಹತ್ರ ಮಾತಾಡಿ. ಪೊಲೀಸು ಆಮೇಲೆ.”

ಆಚೆಯಿಂದ ಗರಗಸದ ಸದ್ದು ಕೇಳಿ ನಿಂತಿತು.

“ಹೇಳಿ ಭಾವ. ಅಲಮಾರಿಗೆ ಎರಡನೇ ಕೈ ಪಾಲಿಶ್ ಕೊಟ್ಟಿದ್ದೀನಿ, ಕನ್ನಡಿ ಹಾಗಿದೆ. ನಾಳೆ ಎಷ್ಟೊತ್ತಿಗೆ ತರ್ಲಿ?”

ಯಜಮಾನ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ. ಮೇಷ್ಟ್ರು ಅವನ ಮುಖವನ್ನೇ ನೋಡುತ್ತ ಕಾದರು. ದೇವರೇ, ಇವನಿಗೆ ಇದೊಂದು ಮಾತಿಗಾದರೂ ನಾಲಿಗೆ ಕೊಡು.

“ಭಾವ?”

“ನಾಳೆ ಬೇಡ,” ಎಂದ ಯಜಮಾನ ಕೊನೆಗೆ. “ಈಗ ನಾನೇ ಬರ್ತೀನಿ. ಬೆಳಿಗ್ಗೆ ನಿನ್ನ ವಿಷಯದಲ್ಲಿ ನಾನೊಂದು ಮಾತು ಆಡಿದೀನಿ. ಅದನ್ನ ಫೋನಲ್ಲಿ ಹೇಳೋಕಾಗಲ್ಲ.”